ಕಟಕಟೆಯಿಲ್ಲದ ಕೋರ್ಟು

"ನಾನು ಯಾವ ಕಡೆ ನಿಂತ್ಕೋಬೇಕು ಸಾರ್?" ಎಂದು ಭಟ್ಟಿಯಣ್ಣ ಕೇಳಿದಾಗ ವಕೀಲರಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಕೋರ್ಟಿನ ಕಾರಿಡಾರಿನ ಬೆಂಚಿನ ಮೇಲೆ ಕುಳಿತು, ತೊಡೆಯ ಮೇಲಿದ್ದ ದಪ್ಪ ಕಟ್ಟಿನ ಹಾಳೆಗಳ ನಡುವೆ ಗುರುತಿಗೆಂದು ಬಣ್ಣದ ಚೀಟಿ ಅಂಟಿಸುತ್ತಿದ್ದರು. ಕನ್ನಡಕದ ಮೇಲಿನಿಂದ ನೋಡಿ, ಯಾವ ಕಡೆ ಎಂದರೇನು ಎಂದು ಕೇಳಿದರು. ಕಟಕಟೆ ಬಾಗಿಲ ಬಲಕ್ಕೋ ಎಡಕ್ಕೋ ಗೊತ್ತಿದ್ದರೆ ಒಳ್ಳೆಯದಿತ್ತು, ಕೆಳಗಿನ ಕೋರ್ಟಿನಲ್ಲಿ ಅದರ ಮೆಟ್ಟಿಲು ಕಾಣದೆ ಎಲ್ಲರೆದುರು ಮುಗ್ಗರಿಸಿದ್ದೆ, ಈ ಸಲ ಹಾಗಾಗಬಾರದು ಎಂದು ಅವನು ವಿವರಿಸಿದ. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಹೌದೆಂಬಂತೆ ತಲೆಯಾಡಿಸಿದಳು.

"ಇಲ್ಲಿ ಕಟಕಟೆಯೇ ಇಲ್ವಲ್ಲಪ್ಪ," ಎಂದರು ವಕೀಲರು.

ಅವನು ನಕ್ಕ. ದೊಡ್ಡವರು ತಮಾಷೆ ಮಾಡಿದಾಗ ನಗಬೇಕು ಎನ್ನುವಷ್ಟು ತಿಳಿವಳಿಕೆ ಅವನಿಗಿತ್ತು. ವಕೀಲರು ಮಾತ್ರ ನಗಲಿಲ್ಲ. ಅವನು ನಗುವನ್ನು ಅರ್ಧಕ್ಕೇ ನುಂಗಿಕೊಂಡ.

"ಅಪೀಲು ಅಂದ್ರೆ ಇನ್ನೊಂದು ಸಲ ಕೇಸು ನಡೆಸೋದಲ್ಲ. ಮೇಲಿನ ಕೋರ್ಟು ಯಾರನ್ನೂ ಕೇಳೋದಿಲ್ಲ, ಓದುತ್ತೆ. ಕೆಳಗಿಂದ ಫೈಲು ತರಿಸ್ಕೊಳ್ಳುತ್ತೆ. ಅಲ್ಲಿ ಯಾರ್ಯಾರು ಏನೇನು ಹೇಳಿದ್ರು, ಅದರ ಮೇಲೆ ಅಲ್ಲಿನ ಜಡ್ಜು ತೀರ್ಮಾನ ಮಾಡಿದ್ದು ಸರಿನಾ ತಪ್ಪಾ, ಅಷ್ಟೇ ನೋಡೋದು. ಹೊಸದಾಗಿ ಸಾಕ್ಷಿ ಹೇಳೋದು ಇಲ್ಲಿಲ್ಲ."

ಹಾಗಾದರೆ ಇವರನ್ನು ಯಾಕೆ ಕರೆಸಿದಿರಿ ಎಂದು ಹೆಂಡತಿ ಕೇಳಿದಳು. ತಾನು ಕರೆಸಲಿಲ್ಲ, ನೀವೇ ಬಂದಿರಿ ಎಂದರು ವಕೀಲರು. ಅದೂ ನಿಜವೇ. ತಾರೀಖು ಯಾವತ್ತು ಎಂದು ಇವರೇ ಫೋನು ಮಾಡಿ ಕೇಳಿಕೊಂಡು, ಬೇಕರಿಯ ಬಾಗಿಲು ಹಾಕಿ, ಬೆಳಗಿನ ಮೊದಲ ಬಸ್ಸು ಹತ್ತಿದ್ದರು. ವಕೀಲರು ಕೆಟ್ಟವರಲ್ಲ. ಜೈಲಿನಲ್ಲಿರುವ ತಮ್ಮನ ಪರವಾಗಿ ಭಟ್ಟಿಯಣ್ಣನ ಮಾತನ್ನು ಇಲ್ಲಿ ಹೊಸದಾಗಿ ದಾಖಲಿಸಿಕೊಳ್ಳಬೇಕೆಂದು ಒಂದು ಅರ್ಜಿಯನ್ನು ಅವರೇ ಹಾಕಿದ್ದರು. ಆದರೆ ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಆಗ ಸಿಕ್ಕದೆ ಇದ್ದ ಸಾಕ್ಷಿ ಈಗ ಸಿಕ್ಕಿದ್ದರೆ ಅದರ ಮಾತೇ ಬೇರೆ. ನೀವು ಆಗಲೂ ಇದ್ದಿರಿ, ಕಟಕಟೆಯಲ್ಲೇ ನಿಂತಿದ್ದಿರಿ, ನಿಮ್ಮನ್ನು ಕೇಳಿದ್ದೂ ಆಗಿದೆ, ನೀವು ಹೇಳಿದ್ದೂ ಆಗಿದೆ ಎಂದರು.

ನಾನು ಹೇಳಿದ್ದೆಲ್ಲಿ ಎಂದುಕೊಂಡ ಭಟ್ಟಿಯಣ್ಣ.

ಅಪೀಲು ಎಂಬ ಮಾತು ಅವನಿಗೆ ಹೊಸದಾಗಿರಲಿಲ್ಲ. ಅವರ ಮನೆಯಲ್ಲಿ ಅದು ದಿನಬಳಕೆಯ ಮಾತು. ಚಿಕ್ಕಂದಿನಲ್ಲಿ ಅಪ್ಪ ಹೊಡೆದರೆ ಅಣ್ಣ ತಮ್ಮ ಇಬ್ಬರೂ ಮೂಗು ಒರೆಸಿಕೊಳ್ಳುತ್ತಾ ಅಜ್ಜಿಯ ಹತ್ತಿರ ಓಡುತ್ತಿದ್ದರು. ಹೋಗಿ ಹೋಗಿ, ಅಪೀಲು ಹಾಕ್ಕೊಳ್ಳಿ ಎಂದು ಅಪ್ಪನೇ ಹಿಂದಿನಿಂದ ಹಂಗಿಸುತ್ತಿದ್ದ. ಅಜ್ಜಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮೊದಲಿನಿಂದ ಹೇಳಿ, ಒಂದನ್ನೂ ಬಿಡಬೇಡಿ ಎನ್ನುತ್ತಿದ್ದಳು. ಬಹಳ ಸಲ ಅವಳೂ ಅಪ್ಪ ಹೊಡೆದದ್ದೇ ಸರಿ ಎನ್ನುತ್ತಿದ್ದಳು. ಆದರೆ ಪೂರ್ತಿ ಹೇಳಿಕೊಂಡ ಸಮಾಧಾನಕ್ಕೇ ಅಳು ನಿಂತುಹೋಗಿರುತ್ತಿತ್ತು. ಮೇಲಿನ ಕೋರ್ಟು ಎಂದರೆ ಭಟ್ಟಿಯಣ್ಣನ ಮನಸ್ಸಿನಲ್ಲಿ ಎರಡು ವರ್ಷದಿಂದ ಕೂತಿದ್ದದ್ದು ಇಂಥದೇ ಒಂದು ಜಾಗ. ಅಲ್ಲಿ ಹೇಳಬೇಕಾದ್ದನ್ನು ಅವನು ಹಿಟ್ಟು ಜರಡಿ ಹಿಡಿಯುವಾಗಲೂ ಸ್ನಾನ ಮಾಡುವಾಗಲೂ ತನಗೆ ತಾನೇ ಹೇಳಿಕೊಂಡು, ಒಂದು ಮಾತೂ ಆಚೀಚೆ ಆಗದಂತೆ ಬಾಯಿಪಾಠ ಮಾಡಿಟ್ಟುಕೊಂಡಿದ್ದ.

ಹೇಳಬೇಕಾಗಿದ್ದು ದೊಡ್ಡ ಸಂಗತಿಯೇನಲ್ಲ. ತಮ್ಮ ಆವತ್ತು ಮಧ್ಯಾಹ್ನ ಬೇಕರಿಯಲ್ಲೇ ಇದ್ದ ಎನ್ನುವುದು, ಅಷ್ಟೇ. ಅದು ತನಗೆ ಹೇಗೆ ಗೊತ್ತು ಎನ್ನುವುದನ್ನು ಹೇಳುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ಬೇಕಾಗಿತ್ತು.

ಗಿರಾಕಿಗಳು ಅವನನ್ನು ಭಟ್ಟಿಯಣ್ಣ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಬ್ರೆಡ್ಡು ಬೇಯುವ ಆ ಇಟ್ಟಿಗೆಯ ಭಟ್ಟಿಯ ಬಾಯಿಗೆ ಮುಖ ಕೊಟ್ಟು ನಿಂತನೆಂದರೆ ಅವನು ಕತ್ತು ಹೊರಳಿಸುವವನಲ್ಲ. ಸೌದೆಯ ಉರಿಯನ್ನು ನಂಬುವಂತಿಲ್ಲ. ಒಂದು ಗಳಿಗೆ ಕಣ್ಣು ತಪ್ಪಿಸಿದರೂ ಒಂದು ಕಡೆ ಹಸಿ, ಇನ್ನೊಂದು ಕಡೆ ಕರಕಲು. ಭಟ್ಟಿಗೆ ಬೆನ್ನು ತೋರಿಸಬಾರದು ಎಂದು ಅಪ್ಪ ಕಲಿಸಿದ್ದ, ಕಲಿಸುವಾಗ ಕಿವಿ ಹಿಂಡಿಯೇ ಕಲಿಸಿದ್ದ. ತಮ್ಮ ಪುಟ್ಟ ಹಿಂದಿನ ಮೇಜಿನಲ್ಲಿ ಹಿಟ್ಟು ನಾದಿ, ಉಂಡೆ ಕಟ್ಟಿ, ತಟ್ಟೆಯಲ್ಲಿ ಜೋಡಿಸುತ್ತಿದ್ದ. ಪುಟ್ಟ ಎಂದರೆ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ, ಮೂವತ್ತು ದಾಟಿದ ಆಳು. ಚಿಕ್ಕಂದಿನ ಹೆಸರು ಬೆಳೆಯಲಿಲ್ಲ, ಅವನು ಬೆಳೆದ. ಅಣ್ಣ ಎಡಗೈಯನ್ನು ಹಿಂದಕ್ಕೆ ಚಾಚಿದರೆ ಸಾಕು, ತುಂಬಿದ ತಟ್ಟೆ ಬಂದು ಕೈಯಲ್ಲಿ ಕೂರುತ್ತಿತ್ತು. ಕರೆಯುವುದಿಲ್ಲ, ಹಿಂದಿರುಗಿ ನೋಡುವುದಿಲ್ಲ. ಹಿಟ್ಟು ಉಬ್ಬುವ ಹೊತ್ತಿನಲ್ಲಿ ಮಾತಾಡುವುದೂ ಇಲ್ಲ, ಅದೂ ಅಪ್ಪನ ಕಾಲದ ಕಟ್ಟುನಿಟ್ಟು. ಹಿಂದೆ ಹಿಟ್ಟನ್ನು ಮೇಜಿಗೆ ಬಡಿಯುವ ಸದ್ದಿನಲ್ಲೇ ಪುಟ್ಟನಿಗೆ ಇವತ್ತು ಸಿಟ್ಟು ಬಂದಿದೆಯೋ ಹಸಿವಾಗಿದೆಯೋ ಅಣ್ಣನಿಗೆ ತಿಳಿಯುತ್ತಿತ್ತು.

ಆವತ್ತು ಸಿಟ್ಟು ಬಂದಿತ್ತು. ಬೇಕರಿಯ ಮೇಲಿನ ಮನೆಯಲ್ಲಿ ಒಬ್ಬ ಟೈಲರ್ ಇದ್ದ. ಹೊಲಿದ ಬಟ್ಟೆಯನ್ನು ಅವನು ಮೇಲಿನ ಮೊಗಸಾಲೆಯಲ್ಲಿ ನೇತುಹಾಕುತ್ತಿದ್ದ, ಭಟ್ಟಿಯ ಹೊಗೆ ಹೋಗಿ ಅದಕ್ಕೇ ಮೆತ್ತುತ್ತಿತ್ತು. ಈ ಜಗಳಕ್ಕೆ ಕೊನೆ ಮೊದಲಿರಲಿಲ್ಲ. ಭಟ್ಟಿಯಣ್ಣ ಕಿವಿಗೆ ಹಾಕಿಕೊಳ್ಳದೆ ದಿನ ತಳ್ಳುತ್ತಿದ್ದ. ಪುಟ್ಟನಿಗೋ ಸಿಟ್ಟು ಮೂಗಿನ ತುದಿಯಲ್ಲೇ. ಆ ದಿನ ಬೆಳಿಗ್ಗೆ ಬೀದಿಯವರೆಲ್ಲ ಕೇಳುವಂತೆ, ಇನ್ನೊಂದು ಸಲ ಬಾಯಿ ಮಾಡಿದರೆ ಮೆಟ್ಟಿಲ ಮೇಲಿಂದ ಉರುಳಿಸುತ್ತೇನೆ ಎಂದು ಕೂಗಿದ. ಮಧ್ಯಾಹ್ನ ಟೈಲರ್ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಮೈಮೇಲೆಲ್ಲ ಬಿಳಿ ಪುಡಿಯಿದ್ದ ಬನಿಯನ್ನಿನ ಒಬ್ಬ ಗಂಡಸು ಆ ಮೆಟ್ಟಿಲಿಳಿದು ಓಡಿದ್ದನ್ನು ಎದುರಿನ ಸೈಕಲ್ ಅಂಗಡಿಯವನು ಕಂಡಿದ್ದ. ಕಂಡದ್ದು ಬೆನ್ನನ್ನು. ಅದೇ ಬೀದಿಯ ಕೊನೆಯಲ್ಲಿ ಆವತ್ತು ಸುಣ್ಣ ಬಳಿಯುವವರೂ ಇದ್ದರು, ಆದರೆ ಅವರನ್ನು ಯಾರೂ ವಿಚಾರಿಸಲಿಲ್ಲ. ಮೈದಾ ಹಿಟ್ಟಿನಲ್ಲಿ ಮಿಂದಂತೆ ನಿಂತಿದ್ದ ಪುಟ್ಟ ಕೈಗೆ ಸಿಕ್ಕಿದ, ಪೊಲೀಸರು ಕರೆದುಕೊಂಡು ಹೋದರು. ಅಂಗೈಗೆ ಅಂಟಿದ್ದ ಹಿಟ್ಟನ್ನು ತೊಳೆದುಕೊಳ್ಳಲಿಕ್ಕೂ ಬಿಡಲಿಲ್ಲ.

ಕೆಳಗಿನ ಕೋರ್ಟಿನಲ್ಲಿ ಆಗಿನ ವಕೀಲ ಭಟ್ಟಿಯಣ್ಣನಿಗೆ ಒಂದೇ ಒಂದು ಬುದ್ಧಿ ಹೇಳಿದ್ದ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಹೌದು ಇಲ್ಲ ಅಷ್ಟೇ, ಜಾಸ್ತಿ ಮಾತಾಡಿದರೆ ಅವರು ಅದನ್ನೇ ತಿರುಚುತ್ತಾರೆ ಎಂದು. ಭಟ್ಟಿಯಣ್ಣ ಹೇಳಿದ ಮಾತು ಕೇಳುವವನು. ಆ ಕಡೆಯ ವಕೀಲ ಎದ್ದು, ಆ ಹೊತ್ತಿನಲ್ಲಿ ನಿಮ್ಮ ತಮ್ಮನನ್ನು ನೀವು ಕಣ್ಣಾರೆ ನೋಡಿದಿರಾ ಎಂದು ಕೇಳಿದ. ಇವನು ಯೋಚಿಸಿದ. ದೇವರ ಮೇಲೆ ಆಣೆ ಮಾಡಿಸಿಕೊಂಡಿದ್ದರು. ನೋಡಿದ್ದನೇ? ನೋಡಿರಲಿಲ್ಲ. ಯಾವ ದಿನವೂ ನೋಡುವುದಿಲ್ಲ. ನೋಡಲಿಲ್ಲ ಎಂದ. ಅವನು ನಿಮ್ಮೊಡನೆ ಮಾತಾಡಿದನೇ ಎಂದು ಮತ್ತೆ ಕೇಳಿದ. ಮಾತಾಡಲಿಲ್ಲ ಎಂದ ಇವನು. ಆ ವಕೀಲ ತಿರುಗಿ ಜಡ್ಜರ ಕಡೆ ನೋಡಿ, ಇನ್ನೇನೂ ಕೇಳುವುದಿಲ್ಲ ಎಂದು ಕುಳಿತುಬಿಟ್ಟ. ಇನ್ನು ನಮ್ಮ ಕಡೆಯ ವಕೀಲ ಎದ್ದು ಮಿಕ್ಕಿದ್ದನ್ನು ಕೇಳುತ್ತಾನೆ ಎಂದು ಇವನು ಕಟಕಟೆಯ ಅಡ್ಡಪಟ್ಟಿ ಹಿಡಿದು ಕಾದ. ವಕೀಲನಿಗೆ ಇನ್ನೊಂದು ಕೋರ್ಟಿನಲ್ಲಿ ಬೇರೆ ಕೇಸಿತ್ತು, ಅವನು ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದ. ಇಳಿಯಿರಿ ಎಂದರು. ಇಳಿದ. ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿಯಿತು, ತಮ್ಮನಿಗೆ ಜೀವಾವಧಿ ಆಯಿತು.

ಅದನ್ನೇ ಹೇಳಿ ಮುಗಿಸಲು ಇವತ್ತು ಬಂದದ್ದು.

ಕೇಸು ಕೂಗಿದಾಗ ಊಟದ ಹೊತ್ತು ಹತ್ತಿರವಾಗಿತ್ತು. ಒಳಗೆ ನಿಜವಾಗಿಯೂ ಕಟಕಟೆ ಇರಲಿಲ್ಲ. ಎತ್ತರದ ಪೀಠದಲ್ಲಿ ಇಬ್ಬರು ನ್ಯಾಯಾಧೀಶರು, ಕೆಳಗೆ ವಕೀಲರ ಮೇಜುಗಳು, ಹಿಂದೆ ಇವರಂಥವರಿಗೆಂದು ಎರಡು ಸಾಲು ಬೆಂಚು. ಪುಟ್ಟನನ್ನು ಕರೆತಂದಿರಲಿಲ್ಲ. ಯಾರ ಮೇಲಿನ ಕೇಸೋ ಅವನೇ ಇಲ್ಲದೆ ನಡೆಯುವ ಈ ವ್ಯವಹಾರ ಭಟ್ಟಿಯಣ್ಣನಿಗೆ ಹಿಡಿಸಲಿಲ್ಲ. ಗೋಡೆಯ ಫ್ಯಾನು ತಿರುಗುವ ಸದ್ದಿನಲ್ಲಿ ವಕೀಲರ ಮಾತು ಅರ್ಧ ಕೇಳಿಸಿತು, ಕೇಳಿಸಿದ್ದರಲ್ಲಿ ಅರ್ಧ ಅರ್ಥವಾಯಿತು. ಇಷ್ಟನೇ ಪುಟ, ಇಂತಿಷ್ಟನೇ ಸಾಲು ಎಂದು ಅವರು ಹೇಳಿದಾಗಲೆಲ್ಲ ಮೇಲೆ ಇಬ್ಬರೂ ಒಟ್ಟಿಗೆ ಹಾಳೆ ಮಗುಚುತ್ತಿದ್ದರು. ಸೈಕಲ್ ಅಂಗಡಿಯವನು ಮುಖ ನೋಡಿಲ್ಲ ಎಂದು ವಕೀಲರು ಒತ್ತಿ ಹೇಳಿದರು. ಬಿಳಿ ಪುಡಿ ಹಿಟ್ಟೇ ಎಂದು ಯಾರೂ ಪರೀಕ್ಷಿಸಿಲ್ಲ ಎಂದರು. ಒಳ್ಳೆಯ ಮಾತುಗಳೇ. ಭಟ್ಟಿಯಣ್ಣನ ಎದೆ ಸ್ವಲ್ಪ ಹಗುರಾಯಿತು. ಹೆಂಡತಿ ಅವನ ಮೊಣಕೈ ಮುಟ್ಟಿದಳು.

ಆಗ ಇಬ್ಬರಲ್ಲಿ ಹಿರಿಯರಾದ ನ್ಯಾಯಾಧೀಶರು ಒಂದು ಹಾಳೆಯ ಮೇಲೆ ಬೆರಳಿಟ್ಟುಕೊಂಡು ತಲೆ ಎತ್ತಿದರು. ಮೆಲುದನಿಯ ಮನುಷ್ಯ. ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

"ಒಂದು ವಿಷಯ ನನಗೆ ಬಗೆಹರೀತಿಲ್ಲ. ಅಣ್ಣ ಅಲ್ಲೇ ಇದ್ದಾನೆ. ಅದೇ ಕೋಣೆ, ಅದೇ ಹೊತ್ತು. ಆದ್ರೂ ತಮ್ಮನನ್ನ ನೋಡಲಿಲ್ಲ ಅಂತಾನೆ. ಅದು ಹೇಗೆ?"

ಭಟ್ಟಿಯಣ್ಣ ಎದ್ದು ನಿಂತ. ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ. ಎರಡು ವರ್ಷದಿಂದ ಕಾದಿದ್ದ ಪ್ರಶ್ನೆ ಅದು, ಅದನ್ನು ಕೇಳುವವರೊಬ್ಬರು ಕೊನೆಗೂ ಸಿಕ್ಕಿದ್ದರು. ಅವರು ಕೂತಿದ್ದದ್ದಾದರೂ ಎಷ್ಟು ದೂರ, ಬೇಕರಿಯ ಮೇಜಿನಿಂದ ಅಂಗಡಿಯ ಕಟ್ಟೆಗೆ ಇದ್ದಷ್ಟು ದೂರ. "ಸ್ವಾಮಿ, ಅದು ಹೇಗಂದ್ರೆ," ಎನ್ನುವಷ್ಟರಲ್ಲಿ ಬಾಗಿಲ ಬಳಿಯಿದ್ದ ಜವಾನ ಬಂದು ಅವನ ಭುಜವನ್ನು ಒತ್ತಿದ. ಹೆಂಡತಿ ಶರಟಿನ ಅಂಚು ಹಿಡಿದಳು, ಎಳೆದು ಕೂರಿಸಲಿಕ್ಕೋ ಬೀಳದಂತೆ ಹಿಡಿಯಲಿಕ್ಕೋ ಅವಳಿಗೂ ತಿಳಿದಂತಿರಲಿಲ್ಲ.

ಯಾರವರು ಎಂದು ನ್ಯಾಯಾಧೀಶರು ಕೇಳಿದರು. ಅವರೇ ಆ ಅಣ್ಣ, ಸ್ವಾಮಿ, ಅವರ ಬಗ್ಗೆಯೇ ನನ್ನ ಅರ್ಜಿ ಇರುವುದು, ಅವಕಾಶ ಕೊಟ್ಟರೆ ಅವರೇ ಹೇಳುತ್ತಾರೆ ಎಂದರು ವಕೀಲರು. ದನಿಯಲ್ಲಿ ಸ್ವಲ್ಪ ಆಸೆಯಿತ್ತು. ಹಿರಿಯ ನ್ಯಾಯಾಧೀಶರು ಭಟ್ಟಿಯಣ್ಣನ ಮುಖ ನೋಡಿದರು. ಚೆನ್ನಾಗಿಯೇ ನೋಡಿದರು. ಕೋಪವಿರಲಿಲ್ಲ, ಬೇಕಿದ್ದರೆ ಕನಿಕರ ಎನ್ನಬಹುದು. ಪಕ್ಕದವರೊಡನೆ ತಲೆ ಹತ್ತಿರ ತಂದು ಏನೋ ಮಾತಾಡಿದರು.

"ಅವರನ್ನ ಕೂತ್ಕೊಳ್ಳೋಕೆ ಹೇಳಿ," ಎಂದರು ಆಮೇಲೆ. ಎದುರಿಗಿದ್ದ ಕಟ್ಟಿನ ಮೇಲೆ ಅಂಗೈ ಊರಿದರು. "ಹೇಳೋ ಜಾಗದಲ್ಲಿ ಅವರು ಹೇಳಿದ್ದು ಇದರಲ್ಲಿದೆ. ನಾವೂ ಇದಕ್ಕೆ ಕಟ್ಟುಬಿದ್ದವರೇ. ಇದರಲ್ಲಿ ಇಲ್ಲದ್ದನ್ನ ನಾವು ಕೇಳಿಸ್ಕೊಳ್ಳೋ ಹಾಗಿಲ್ಲ."

ಅವನು ಕೂತ. ವಕೀಲರು ಮುಂದಿನ ಪುಟಕ್ಕೆ ಹೋದರು.

ಹೊರಗೆ ಬಂದಾಗ ವಕೀಲರು ಬೆನ್ನು ತಟ್ಟಿ, ಅವರಿಗೆ ಅನುಮಾನ ಬಂದಿರುವುದೇ ಒಳ್ಳೆಯ ಲಕ್ಷಣ ಎಂದರು. ಟೀ ಕುಡಿಸಿದರು. ತೀರ್ಪು ಕಾಯ್ದಿರಿಸಿದ್ದಾರೆ, ಬಂದಾಗ ತಿಳಿಸುತ್ತೇನೆ ಎಂದರು. ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಬಹಳ ಹೊತ್ತು ಕೂತಿದ್ದವಳು, ನೀವು ಆವತ್ತೇ ಹೇಳಿಬಿಡಬೇಕಾಗಿತ್ತು ಕಣ್ರೀ ಎಂದಳು. ಮರುಕ್ಷಣವೇ, ನಾನ್ಯಾಕೆ ಹಾಗಂದೆನೋ ಎಂದು ಅತ್ತಳು. ಅವನು ಅವಳನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಅವಳು ಅಂದದ್ದರಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಕಾಯುವ ದಿನಗಳಲ್ಲಿ ಬೇಕರಿ ನಡೆಯಿತು, ನಡೆಯಲೇಬೇಕಲ್ಲ. ಹಿಂದಿನ ಮೇಜಿನಲ್ಲಿ ಈಗ ಹೆಂಡತಿ ನಿಲ್ಲುತ್ತಿದ್ದಳು. ಪಾಪ, ಅವಳ ಕೈಗೆ ಅಷ್ಟು ಹಿಟ್ಟು ಬಗ್ಗುತ್ತಿರಲಿಲ್ಲ, ತಟ್ಟೆ ತಡವಾಗುತ್ತಿತ್ತು. ಭಟ್ಟಿಯಣ್ಣ ಕೈ ಚಾಚಿ, ಬಂತೇ ಎಂದು ಕೇಳಿ, ಮತ್ತೆ ಚಾಚುತ್ತಿದ್ದ. ವಾರಕ್ಕೊಂದು ಸಲವಾದರೂ ಬ್ರೆಡ್ಡು ಸೀಯುತ್ತಿತ್ತು. ಗಿರಾಕಿಗಳು ಕರಕಲನ್ನು ಕೆರೆದುಕೊಂಡು ತಿಂದು, ಮುಖ ಕೆಡಿಸಿಕೊಳ್ಳದೆ ದುಡ್ಡು ಕೊಟ್ಟು ಹೋದರು. ಮೇಲಿನ ಮನೆಗೆ ಬೇರೆ ಯಾರೋ ಬಂದಿದ್ದರು, ಅವರಿಗೆ ಹೊಗೆಯ ತಕರಾರಿರಲಿಲ್ಲ.

ಒಂದು ಸಂಜೆ ವಕೀಲರೇ ಫೋನು ಮಾಡಿದರು. ಅಪೀಲು ವಜಾ ಆಯಿತು ಎಂದರು. ಕೆಳಗಿನ ಕೋರ್ಟಿನ ತೀರ್ಪಿನಲ್ಲಿ ಕೈಹಾಕಲು ಕಾರಣ ಕಾಣುವುದಿಲ್ಲ ಎಂದು ಬರೆದಿದ್ದಾರೆ ಎಂದರು. ಭಟ್ಟಿಯಣ್ಣ ಅಂಗಡಿಯ ಕಟ್ಟೆಗೆ ಒರಗಿ, ಬೇರೆ ಏನು ಬರೆದಿದ್ದಾರೆ ಸಾರ್ ಎಂದ. ಬಿಡಿ, ಈಗ ಅದೆಲ್ಲ ಯಾಕೆ ಎಂದರು. ಇಲ್ಲ, ಓದಿ ಎಂದ. ವಕೀಲರು ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಓದಿದರು. ಆರೋಪಿಯೊಡನೆ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ, ಆತನ ಹಿತವನ್ನೇ ಬಯಸುವ ಸ್ವಂತ ಅಣ್ಣನೇ ಆ ಸಮಯದಲ್ಲಿ ಆತನನ್ನು ನೋಡಲಿಲ್ಲ ಎಂದು ಪ್ರಮಾಣ ಮಾಡಿ ಹೇಳಿರುವುದು ಅತ್ಯಂತ ಗಮನಾರ್ಹವಾದ ಸಂಗತಿ ಎಂದಿತ್ತು. 

"ಇದರ ಮೇಲೂ ಒಂದು ಕೋರ್ಟಿದೆ," ಎಂದರು ವಕೀಲರು ಕೊನೆಗೆ. "ಹೋಗೋಣ, ಬೇಡ ಅನ್ನಲ್ಲ. ಆದ್ರೆ ಅದೂ ಇದೇ ಫೈಲನ್ನೇ ಓದುತ್ತೆ."

ಆ ರಾತ್ರಿ ಅವನು ಊಟಕ್ಕೆ ಕೂತು ಎದ್ದ. ಪುಟ್ಟನಿಗೆ ಈ ಸುದ್ದಿ ಮುಟ್ಟಿಸಬೇಕಾದವನು ತಾನೇ ಎಂಬುದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು. ಜೈಲಿನವರು ಹೇಳಿರುತ್ತಾರೆ ಬಿಡಿ ಎಂದಳು ಹೆಂಡತಿ. ಹೇಳಿರುತ್ತಾರೆ, ಆದರೂ ಹೋಗಬೇಕು ಎಂದ. ನಾನೂ ಬರುತ್ತೇನೆ ಎಂದಳು. ಬೇಡ ಎಂದ.

ಜೈಲಿನ ಭೇಟಿಯ ಕೋಣೆ ಉದ್ದಕ್ಕೆ ಇತ್ತು. ನಡುವೆ ಎರಡು ಸಾಲು ತಂತಿ ಬಲೆ, ಬಲೆಗಳ ಮಧ್ಯೆ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ. ಈ ಕಡೆ ಮನೆಯವರು, ಆ ಕಡೆ ಸ್ಟೂಲುಗಳ ಮೇಲೆ ಕೈದಿಗಳು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದುದರಿಂದ ಪ್ರತಿಯೊಬ್ಬರೂ ಇನ್ನಷ್ಟು ಜೋರಾಗಿ ಕೂಗಬೇಕಾಗಿತ್ತು. ಪಕ್ಕದಲ್ಲಿ ಒಬ್ಬ ಮುದುಕ ಮನೆ ಬೀಗದ ಕೈ ಎಲ್ಲಿಟ್ಟಿದ್ದೀಯ ಎಂದು ಮಗನನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಪುಟ್ಟ ಬಂದು ಕೂತ. ತೆಳ್ಳಗಾಗಿದ್ದ, ಕೂದಲನ್ನು ಸಣ್ಣದಾಗಿ ಕತ್ತರಿಸಿದ್ದರು. ಅಂಥ ದೊಡ್ಡ ಅಂಗೈಗಳು ಮೊಣಕಾಲ ಮೇಲೆ ಕೆಲಸವಿಲ್ಲದೆ ಬಿದ್ದಿದ್ದವು.

ಗೊತ್ತಾಯಿತು ಎಂದು ಅವನೇ ಮೊದಲು ಹೇಳಿದ. ಜೈಲಿನ ಕಚೇರಿಯಲ್ಲಿ ಕರೆದು ಓದಿ ಹೇಳಿದ್ದರಂತೆ, ಸಹಿ ಮಾಡಿಸಿಕೊಂಡಿದ್ದರಂತೆ. ಅತ್ತಿಗೆ ಹೇಗಿದ್ದಾಳೆ ಎಂದು ಕೇಳಿದ. ಹಿಟ್ಟು ನಾದುತ್ತಾಳೆ ಎಂದು ಅಣ್ಣ ಹೇಳಿದಾಗ, ಹಾಗಾದರೆ ಊರಿಗೆಲ್ಲ ಕಲ್ಲು ತಿನ್ನಿಸುತ್ತಿದ್ದೀರಿ ಎಂದು ನಕ್ಕ. ಭಟ್ಟಿಯಣ್ಣನೂ ನಗಲು ನೋಡಿದ. ಆಮೇಲೆ ಪುಟ್ಟ ಬಲೆಗೆ ಮುಖ ತಂದ. ಇಡೀ ಬ್ಯಾರಕ್ಕಿಗೇ ಹೇಳಿದ್ದೆ, ನಮ್ಮಣ್ಣ ಈ ಸಲ ದೊಡ್ಡ ಕೋರ್ಟಿನಲ್ಲಿ ಮಾತಾಡುತ್ತಾನೆ ನೋಡ್ತಾ ಇರಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ ಎಂದ.

"ಹೇಳಿದೆಯಾ ಅಣ್ಣ?"

ಬಸ್ಸಿನಲ್ಲಿ ಬರುವಾಗ ಭಟ್ಟಿಯಣ್ಣ ಎಲ್ಲದಕ್ಕೂ ತಯಾರಾಗಿದ್ದ. ಬೈದರೆ ಬೈಸಿಕೊಳ್ಳುವುದು, ಅತ್ತರೆ ಜೊತೆಗೆ ಅಳುವುದು ಎಂದುಕೊಂಡಿದ್ದ. ಈ ಪ್ರಶ್ನೆ ಬರುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಇಲ್ಲ ಎಂದರೆ, ಎರಡನೇ ಸಲವೂ ಹೇಳದೆ ಬಂದ ಅಣ್ಣ ತಾನು. ಅಲ್ಲಿ ಕೇಳುವ ಪದ್ಧತಿಯೇ ಇಲ್ಲ, ಅಪೀಲು ಎಂದರೆ ನಾವಂದುಕೊಂಡದ್ದಲ್ಲ ಎಂದು ಈ ಗದ್ದಲದಲ್ಲಿ ಹೇಗೆ ವಿವರಿಸುವುದು.

"ಹೇಳಿದೆ," ಎಂದ.

"ಪೂರ್ತಿ?"

"ಪೂರ್ತಿ ಹೇಳಿದೆ. ಕೇಳಿದ್ರು. ಆ ದೊಡ್ಡ ಜಡ್ಜು ನನ್ನ ಮುಖಾನೇ ನೋಡ್ತಾ ಕೂತಿದ್ರು."

ಪುಟ್ಟನ ಮುಖ ಅರಳಿತು. ತೀರ್ಪು ಬಂದಾಗಿದೆ, ಜೀವಮಾನವೆಲ್ಲ ಇಲ್ಲೇ ಎಂದಾಗಿದೆ, ಆದರೂ ಅರಳಿತು. ಏನೇನು ಹೇಳಿದೆ, ಹೇಳು ಎಂದ. ಭಟ್ಟಿಯಣ್ಣ ಹೇಳತೊಡಗಿದ. ಹೇಗೂ ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆವತ್ತು ಭಟ್ಟಿಗೆ ಹಸಿ ಸೌದೆ ಬಿದ್ದದ್ದು, ಉರಿ ಏಳದೆ ತಾನು ಒದ್ದಾಡಿದ್ದು, ಹಿಂದೆ ಪುಟ್ಟ ಸಿಟ್ಟಿನಲ್ಲಿ ಹಿಟ್ಟನ್ನು ಮೇಜಿಗೆ ಬಡಿದದ್ದು, ಕೈ ಚಾಚಿದಾಗಲೆಲ್ಲ ಒಂದೂ ತಪ್ಪದೆ ತಟ್ಟೆ ಬಂದು ಕೂತದ್ದು, ಹೊರಗೆ ಬೀದಿಯಲ್ಲಿ ಕೂಗಾಟ ಎದ್ದಾಗಲೂ ಕೈಯಲ್ಲಿ ತಟ್ಟೆ ಇದ್ದದ್ದು. ಅವನು ಎದ್ದು ನಿಂತು, ಎಡಗೈ ಹಿಂದಕ್ಕೆ ಮಾಡಿ ತೋರಿಸುತ್ತಾ ಹೇಳಿದ. ಪಕ್ಕದ ಮುದುಕ ತನ್ನ ಬೀಗದ ಕೈಯನ್ನು ಮರೆತು ಇವನನ್ನೇ ನೋಡಿದ.

ಕೊನೆಯ ತಟ್ಟೆ ಕೊಡುವಾಗ ನನ್ನ ಬೆರಳು ನಿನ್ನ ಕೈಗೆ ತಾಗಿತ್ತು, ನೀನು ತಟ್ಟೆ ಅಲುಗಿಸಬೇಡ ಎಂಬಂತೆ ಬೆರಳನ್ನೇ ಗಟ್ಟಿಯಾಗಿ ಹಿಡಿದೆ, ಅದನ್ನು ಹೇಳಿದೆಯಾ ಎಂದು ಕೇಳಿದ ಪುಟ್ಟ. ಅದು ಅಣ್ಣನಿಗೆ ಮರೆತೇಹೋಗಿತ್ತು. ಈಗ ನೆನಪಾಯಿತು.

"ಅದನ್ನೂ ಹೇಳಿದೆ."

ಪುಟ್ಟ ಹಿಂದಕ್ಕೆ ಸರಿದು ಕೂತ. ತನ್ನ ಬೆರಳುಗಳನ್ನು ಒಂದು ಸಲ ನೋಡಿಕೊಂಡ. ಅವನ ಮುಖದಲ್ಲಿದ್ದ ಬೆಳಕು ನಿಧಾನವಾಗಿ ಇಳಿಯಿತು.

"ಇಷ್ಟೂ ಕೇಳಿದ್ರು," ಎಂದ. "ಇಷ್ಟೂ ಕೇಳಿ ನಂಬಲಿಲ್ಲ ಅಲ್ವಾ."

ತಾನು ಏನು ಮಾಡಿದೆ ಎಂದು ಆಗ ಭಟ್ಟಿಯಣ್ಣನಿಗೆ ಹೊಳೆಯಿತು. ಅಲ್ಲಿ ಯಾರೂ ಕೇಳಲೇ ಇಲ್ಲ ಎಂದಿದ್ದರೆ, ಕೇಳಿದ್ದರೆ ನಂಬುತ್ತಿದ್ದರು ಎಂಬುದಾದರೂ ತಮ್ಮನಿಗೆ ಉಳಿಯುತ್ತಿತ್ತು. ಅದೊಂದನ್ನು ಹಿಡಿದುಕೊಂಡು ಅವನು ಇಲ್ಲಿ ವರ್ಷಗಳನ್ನು ತಳ್ಳಬಹುದಾಗಿತ್ತು. ಅದನ್ನೂ ಈಗ ತನ್ನ ಬಾಯಿಯೇ ಕಿತ್ತುಕೊಂಡಿತ್ತು. ಎರಡು ಕೈಯಲ್ಲೂ ಬಲೆ ಹಿಡಿದುಕೊಂಡು, "ಪುಟ್ಟ, ಇಲ್ಲಿ ಕೇಳು," ಎಂದ.

ಗಂಟೆ ಹೊಡೆಯಿತು. ಹೊತ್ತು ಮುಗಿಯಿತೆಂದು ಎಲ್ಲರೂ ಉಳಿದ ಮಾತನ್ನು ಒಂದೇ ಉಸಿರಿನಲ್ಲಿ ಕೂಗಲು ಶುರುಮಾಡಿದರು. ಮಕ್ಕಳು ಅಪ್ಪಾ ಎಂದವು, ಹೆಂಗಸರು ಅತ್ತರು. ಪಕ್ಕದ ಮುದುಕ ಬೀಗದ ಕೈ, ಬೀಗದ ಕೈ ಎಂದು ಬಲೆ ಬಡಿದ. ಬಲೆಗಳ ನಡುವಿನ ಜಾಗದಲ್ಲಿ ಕಾವಲಿನವನು ಏಳಿ ಏಳಿ ಎನ್ನುತ್ತಾ ಬರುತ್ತಿದ್ದ.

"ನಾನು ಹೇಳಲಿಲ್ಲ," ಎಂದು ಭಟ್ಟಿಯಣ್ಣ ಕೂಗಿದ. "ಪುಟ್ಟ, ನಾನು ಅಲ್ಲಿ ಏನೂ ಹೇಳಲಿಲ್ಲ. ಅವರು ಕೇಳಲೇ ಇಲ್ಲ ಕಣೋ."

ಪುಟ್ಟ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಬಾಗಿದ. ಏನು ಎಂಬಂತೆ ಹುಬ್ಬೇರಿಸಿದ. ಅಣ್ಣ ಇನ್ನೊಂದು ಸಲ ಕೂಗಿದ, ಗಂಟಲು ಒಡೆಯಿತು. ಆ ಕಡೆಯಿದ್ದ ಇನ್ನೊಬ್ಬ ಕಾವಲಿನವನು ಪುಟ್ಟನ ಹೆಗಲು ಮುಟ್ಟಿದ. ಪುಟ್ಟ ಎದ್ದ. ಕೇಳಿಸಿದವನಂತೆ ದೊಡ್ಡದಾಗಿ ತಲೆಯಾಡಿಸಿ, ಆಯಿತು, ಆಯಿತು, ನೀನು ಹೊರಡು ಎಂದು ಕೈ ಬೀಸುತ್ತಾ ಸಾಲಿಗೆ ಸೇರಿಕೊಂಡ. ಸಾಲು ಬಾಗಿಲ ಕಡೆ ಸಾಗಿತು. ಒಳಗಿನಿಂದ ಒಬ್ಬ ಕೈದಿ ಬಂದು, ಅಡ್ಡಾದಿಡ್ಡಿಯಾಗಿದ್ದ ಸ್ಟೂಲುಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ತಾಗಿಸಿ ಇಡತೊಡಗಿದ.